ಗುರುತು ಬೇರೆ, ಗುಟ್ಟು ಬೇರೆ

ಕತಾರಿನಲ್ಲಿರುವ ನಿಮಗೆ 2020ರ ಎಹ್ತೆರಾಜ್ ಆ್ಯಪ್ ನೆನಪಿರಬೇಕು. ಅಂಗಡಿ ಬಾಗಿಲಲ್ಲಿ ಫೋನ್ ಎತ್ತಿ ಹಸಿರು ಬಣ್ಣ ತೋರಿಸಿದರಷ್ಟೇ ಒಳಗೆ ಬಿಡುತ್ತಿದ್ದರು. ಆ ವರ್ಷ ಮೇ 22ರಿಂದ ಮನೆಯಿಂದ ಹೊರಡುವವರಿಗೆಲ್ಲ ಅದು ಕಡ್ಡಾಯವಾಯಿತು. ಅದರ ಹಿಂದಿನ ದಿನವೇ ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಸಂಸ್ಥೆ ಅದರಲ್ಲಿದ್ದ ದೊಡ್ಡ ತೂತೊಂದನ್ನು ಇಲ್ಲಿನ ಅಧಿಕಾರಿಗಳಿಗೆ ತಿಳಿಸಿತ್ತು.

ಆ್ಯಪ್ ಒಂದು ಕ್ಯೂಐಡಿ ಸಂಖ್ಯೆ ಕಳಿಸಿ "ಇವರ ಕ್ಯೂಆರ್ ಕೋಡ್ ಕೊಡಿ" ಎಂದರೆ ಸರ್ವರ್ ಕೊಟ್ಟುಬಿಡುತ್ತಿತ್ತು. ಕೇಳುತ್ತಿರುವವರು ಯಾರು ಅಂತ ವಿಚಾರಿಸುತ್ತಲೇ ಇರಲಿಲ್ಲ! ಆ ಕೋಡಿನೊಳಗೆ ಹೆಸರು, ಆರೋಗ್ಯದ ಸ್ಥಿತಿ, ಕ್ವಾರಂಟೈನ್ ಆಗಿದ್ದರೆ ಆ ಜಾಗದ ವಿವರ. ಹತ್ತು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಹೀಗೆ ಬಾಗಿಲು ತೆರೆದುಕೊಂಡು ಕೂತಿತ್ತು.

"ಬೇರೆಯವರ ನಂಬರ್ ಹೇಗೆ ಗೊತ್ತಾಗುತ್ತಮ್ಮಾ?" ಅಂದಳು ಮಗಳು. ಅವಳ ಕಾರ್ಡನ್ನೇ ಮುಂದಿಟ್ಟೆ. ಹನ್ನೊಂದು ಅಂಕಿ. ಮೊದಲನೆಯದು 3, ಅಂದರೆ ಈ ಶತಮಾನದ ಕೂಸು; ನನ್ನದರಲ್ಲಿ 2. ಮುಂದಿನ ಎರಡು, ಹುಟ್ಟಿದ ವರ್ಷ. ಆಮೇಲೆ 356, ಭಾರತ. ಉಳಿದದ್ದು ಐದೇ ಅಂಕಿ. ಲೆಕ್ಕ ಅವಳೇ ಹಾಕಿದಳು: ಒಂದು ಲಕ್ಷ ಸಾಧ್ಯತೆ. ನಮಗೆ ಆಯುಸ್ಸು ಸಾಲದು, ಕಂಪ್ಯೂಟರಿಗೆ ಅದೇನು ಮಹಾ?

ಆ್ಯಪನ್ನು ಸರಿಪಡಿಸಲು ಹೆಚ್ಚು ದಿನ ಹಿಡಿಯಲಿಲ್ಲ. ಮೇ 22ರಂದೇ ಹೆಸರು, ಜಾಗಗಳನ್ನು ತೆಗೆದರು. ಬೆನ್ನಲ್ಲೇ ಕೇಳುವವರು ಯಾರೆಂದು ಪರೀಕ್ಷಿಸುವ ಇನ್ನೊಂದು ಪದರ ಸೇರಿಸಿದರು. ನಮ್ಮ ಆಫೀಸುಗಳಲ್ಲಿ ಎಲ್ಲರ ಹೆಸರು, ವಿವರ ಇಟ್ಟುಕೊಳ್ಳುವ ಡೈರೆಕ್ಟರಿ ಸರ್ವರುಗಳಲ್ಲೂ ಎಡವುವುದು ಹೆಚ್ಚಾಗಿ ಇಲ್ಲೇ: ಪಟ್ಟಿ ಸರಿಯಾಗಿರುತ್ತದೆ, ಯಾರು ಯಾವ ಸಾಲು ನೋಡಬಹುದು ಎಂಬ ನಿಯಮ ಸಡಿಲವಾಗಿರುತ್ತದೆ.

ಮಗಳಿಗೆ ಐಡಿಯೂ ಒಂದೇ, ಪಾಸ್‌ವರ್ಡೂ ಒಂದೇ. ಎರಡೂ "ನನ್ನ ನಂಬರ್". ಕನ್ನಡದಲ್ಲಿ ಹೇಳಿದಾಗ ಥಟ್ಟನೆ ಹಿಡಿದಳು: ಐಡಿ ಗುರುತು, ಪಾಸ್‌ವರ್ಡ್ ಗುಟ್ಟು. ಗುರುತು ನಾಲ್ಕು ಜನಕ್ಕೆ ಗೊತ್ತಿರುವಂಥದ್ದು, ಅದನ್ನೇ ಬೀಗದ ಕೈ ಮಾಡಿಕೊಂಡರೆ ಹೇಗೆ? ನಿಮ್ಮ ಮಕ್ಕಳ ಮೇಲೂ ಈ ಜೋಡಿಪದ ಪ್ರಯೋಗಿಸಿ ನೋಡಿ.

ಇಷ್ಟೆಲ್ಲ ಪಾಠ ಹೇಳಿದ ನಾನೇ ಕಳೆದ ವರ್ಷ ಮಕ್ಕಳ ಪಿಕ್ನಿಕ್ಕಿಗೆಂದು ಅವಳ ಕಾರ್ಡಿನ ಫೋಟೋವನ್ನು ವಾಟ್ಸಾಪ್ ಗುಂಪಿಗೆ ಹಾಕಿದ್ದೆ. ಎಚ್ಚರವಾಗುವಷ್ಟರಲ್ಲಿ ಎಲ್ಲರ ಫೋನಿನಿಂದ ಅಳಿಸುವ ಅವಕಾಶ ಮುಗಿದಿತ್ತು. ಈ ಸಲದ ಪಿಕ್ನಿಕ್ಕಿಗೂ ಕೇಳಿದ್ದಾರೆ. ವ್ಯವಸ್ಥೆ ನೋಡಿಕೊಳ್ಳುವವರಿಗೆ ಫೋನ್ ಮಾಡಿದೆ; ಹೆಸರು, ವಯಸ್ಸು ಸಾಕಂತೆ.