ಆಗ್ನೇಯಕ್ಕೆ ಮುಖ ಮಾಡಿದ ಡಿಶ್

ಪುಣೆಯಲ್ಲಿ ಮನೆಯ ಮೇಲೆ ಡಿಡಿ ಫ್ರೀ ಡಿಶ್ ಕೂರಿಸುವವರು ಅದರ ಮುಖವನ್ನು ಆಗ್ನೇಯಕ್ಕೆ ತಿರುಗಿಸುತ್ತಾರೆ. 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಸಮಭಾಜಕ ವೃತ್ತದ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಜಿಸ್ಯಾಟ್-15 ಉಪಗ್ರಹವಿದೆ. ಡಿಶ್ ನೋಡಬೇಕಾದ್ದು ಅದನ್ನು. ಭೂಪಟ ಹರಡಿಕೊಂಡು ಪುಣೆಯಿಂದ ಅದೇ ದಿಕ್ಕಿಗೆ ಒಂದು ಗೆರೆ ಎಳೆದರೆ, ಪಂಢರಪುರ, ಸೊಲ್ಲಾಪುರಗಳನ್ನು ಎಡಕ್ಕೆ ಬಿಟ್ಟು ಅದು ಹೆಚ್ಚುಕಡಿಮೆ ನೇರವಾಗಿ ವಿಜಯಪುರಕ್ಕೆ ಹೋಗುತ್ತದೆ. ಇದು ಕೇವಲ ಕಾಕತಾಳೀಯ. ಆದರೂ ಪುಣೆಯ ಕಟ್ಟಡ ಕೆಲಸದ ಶೆಡ್ಡುಗಳ ತಗಡಿನ ಮೇಲೆ ನಿಂತ ಡಿಶ್ಶುಗಳು ಅಲ್ಲಿ ವಾಸವಿರುವ ಎಷ್ಟೋ ಜನರ ತವರಿನ ಕಡೆಗೇ ಮುಖ ಮಾಡಿವೆ ಎಂಬುದು ನಿಜ. ಆ ಡಿಶ್ಶಿನಿಂದ ಒಳಗೆ ಬರುವ ಕನ್ನಡ ಎಷ್ಟು ಎಂಬುದು ಕೇಳಬೇಕಾದ ಪ್ರಶ್ನೆ.

ಪುಣೆಗೂ ಕನ್ನಡಕ್ಕೂ ನಂಟು ಹಳೆಯದು. ಗದಗ ಸೀಮೆಯ ಭೀಮಸೇನ ಜೋಶಿಯವರು ಪುಣೆಯಲ್ಲೇ ನೆಲೆಸಿದರು. ತಮ್ಮ ಗುರು, ಕುಂದಗೋಳದ ಸವಾಯಿ ಗಂಧರ್ವರ ಹೆಸರಿನಲ್ಲಿ ಅಲ್ಲಿ 1953ರಲ್ಲಿ ಶುರುವಾದ ಸಂಗೀತೋತ್ಸವ ಇವತ್ತಿಗೂ ಆ ಊರಿನ ಹೆಮ್ಮೆ. ಕನ್ನಡ ಸಂಘ ಅಲ್ಲಿ ಶಾಲೆ, ಕಾಲೇಜು ನಡೆಸುತ್ತದೆ. ಕರಾವಳಿಯವರ ಹೋಟೆಲುಗಳಿವೆ. ಹಿಂಜವಡಿಯ ಸಾಫ್ಟ್‌ವೇರ್ ಕಚೇರಿಗಳಲ್ಲಿ ಕನ್ನಡದ ಹುಡುಗ ಹುಡುಗಿಯರಿದ್ದಾರೆ. ಆ ಕಚೇರಿಗಳನ್ನೂ ಪಕ್ಕದ ಬಹುಮಹಡಿ ಮನೆಗಳನ್ನೂ ಕಟ್ಟುವ ಕೆಲಸಕ್ಕೆ ವಿಜಯಪುರ, ಕಲಬುರಗಿ, ಯಾದಗಿರಿ ಕಡೆಯಿಂದ ಬಂದ ಕುಟುಂಬಗಳೂ ಇವೆ.

ಈ ಕನ್ನಡಿಗರಲ್ಲಿ ಎರಡು ಬಗೆಯ ಮನೆಗಳನ್ನು ಅಕ್ಕಪಕ್ಕ ಇಟ್ಟು ನೋಡಬಹುದು. ಮೊದಲನೆಯದರಲ್ಲಿ ವಯಸ್ಸಾದ ಗಂಡ ಹೆಂಡತಿ ಇಬ್ಬರೇ. ಮಗ ಅಮೆರಿಕದಲ್ಲೋ ದುಬೈಯಲ್ಲೋ ಇದ್ದಾನೆ. ಟಿವಿಗೆ ತಿಂಗಳ ರೀಚಾರ್ಜ್ ಮಾಡುವವನು ಅವನೇ. ಅವನು ಮರೆತ ತಿಂಗಳು ಸಂಜೆಯ ಧಾರಾವಾಹಿ ಅರ್ಧಕ್ಕೇ ನಿಲ್ಲುತ್ತದೆ. ‘ಪಾಪ, ಕೆಲಸದ ಗಡಿಬಿಡೀಲಿ ಇದ್ದಾನೆ, ಕೇಳೋದು ಬೇಡ’ ಎಂದು ತಾಯಿ ಸುಮ್ಮನಾಗುತ್ತಾರೆ. ಎರಡನೆಯ ಮನೆ ಶೆಡ್ಡಿನದು. ಅಲ್ಲಿ ತಿಂಗಳ ರೀಚಾರ್ಜಿನ ಮಾತೇ ಇಲ್ಲ. ಒಂದೂವರೆ, ಎರಡು ಸಾವಿರ ಕೊಟ್ಟು ಡಿಶ್ಶು, ಬಾಕ್ಸು ತಂದು ಕೂರಿಸಿದರೆ ಮುಗಿಯಿತು. ಕೆಲಸ ಮುಗಿದು ಬೇರೆ ಸೈಟಿಗೆ ಹೋಗುವಾಗ ಪಾತ್ರೆ ಪಗಡೆಯ ಜೊತೆ ಅದನ್ನೂ ಬಿಚ್ಚಿಕೊಂಡು ಹೋಗಬಹುದು. ದಿನಗೂಲಿಯ ಸಂಸಾರಕ್ಕೆ ಇದಕ್ಕಿಂತ ಹೊಂದುವ ವ್ಯವಸ್ಥೆ ಇನ್ನೊಂದಿಲ್ಲ.

ಈ ವ್ಯವಸ್ಥೆ ಹುಟ್ಟಿದ್ದು 2004ರ ಡಿಸೆಂಬರಿನಲ್ಲಿ. ಅಂದಿನ ಪ್ರಧಾನಿ ಮನಮೋಹನ್ ಸಿಂಗ್ ಅವರು ಉದ್ಘಾಟಿಸಿದ ಅದರ ಮೊದಲ ಹೆಸರು ಡಿಡಿ ಡೈರೆಕ್ಟ್ ಪ್ಲಸ್. ಟವರಿನ ಸಿಗ್ನಲ್ ಸಿಗದ, ಕೇಬಲ್ ಎಳೆಯದ ಊರುಗಳಿಗೆ 33 ವಾಹಿನಿಗಳನ್ನು ಪುಕ್ಕಟೆಯಾಗಿ ತಲುಪಿಸುವುದು ಆಗಿನ ಉದ್ದೇಶ. ಇವತ್ತು ಅದು ದೇಶದ ಅತಿ ದೊಡ್ಡ ಡಿಟಿಎಚ್ ಸೇವೆ. ಉದ್ಯಮದ ಅಂದಾಜುಗಳು ನಾಲ್ಕು ಕೋಟಿಗೂ ಹೆಚ್ಚು ಮನೆಗಳ ಲೆಕ್ಕ ಕೊಡುತ್ತವೆ. ಬೆಳೆಯಲು ಒಂದು ಕಾರಣ 2019ರಲ್ಲಿ ಜಾರಿಗೆ ಬಂದ ಹೊಸ ದರಪದ್ಧತಿ. ಅದರ ಪ್ರಕಾರ ಕೇಬಲ್ಲಿಗಾಗಲಿ ಖಾಸಗಿ ಡಿಟಿಎಚ್‌ಗಾಗಲಿ ಆಗ ಮೊದಲು 130 ರೂಪಾಯಿಯವರೆಗೆ ಮೂಲ ಶುಲ್ಕವಿತ್ತು, ಅದರ ಮೇಲೆ ತೆರಿಗೆ, ಆಮೇಲೆ ಬೇಕಾದ ಒಂದೊಂದು ಪಾವತಿ ವಾಹಿನಿಗೂ ಬೇರೆ ಬೆಲೆ. ಲೆಕ್ಕ ಹಾಕಿ ಸುಸ್ತಾದ ಬಡವರ ಮನೆಗಳು ಪುಕ್ಕಟೆಯ ಡಿಶ್ಶಿಗೆ ವಾಲಿದ್ದು ಸಹಜ.

ಹೊರನಾಡಿನ ಕನ್ನಡಿಗನಿಗೆ ಆ ಲೆಕ್ಕ ಇನ್ನೂ ಭಾರ. ಪುಣೆಯಲ್ಲಿ ಕೇಬಲ್ಲಿನವರು ಕೊಡುವ ಸಾಮಾನ್ಯ ಪ್ಯಾಕಿನಲ್ಲಿ ಮರಾಠಿ, ಹಿಂದಿ ಇರುವುದು ನ್ಯಾಯವೇ. ಊರು ಅವರದು. ಕನ್ನಡ ಬೇಕೆಂದವರು ಅದನ್ನು ಮೇಲೆ ಹಾಕಿಸಿಕೊಳ್ಳಬೇಕು. ಅಂದರೆ ಬೆಂಗಳೂರಿನಲ್ಲಿ ಕೂತು ಕನ್ನಡ ನೋಡುವುದಕ್ಕಿಂತ ಪುಣೆಯಲ್ಲಿ ಕೂತು ನೋಡುವುದು ದುಬಾರಿ. ಉಪಗ್ರಹಕ್ಕೆ ರಾಜ್ಯದ ಗಡಿ ಗೊತ್ತಿಲ್ಲ, ಬಿಲ್ಲಿಗೆ ಮಾತ್ರ ಚೆನ್ನಾಗಿ ಗೊತ್ತಿದೆ.

ಹಾಗಾದರೆ ಪುಕ್ಕಟೆಯ ಡಿಶ್ಶಿನಲ್ಲಿ ಕನ್ನಡವಿದೆಯೆ? ಇದೆ. ಡಿಡಿ ಚಂದನ ಇದೆ. ರೇಡಿಯೊ ಪಟ್ಟಿಯಲ್ಲಿ ಆಕಾಶವಾಣಿಯ ಕನ್ನಡವೂ ಸಿಗುತ್ತದೆ. ಆದರೆ ಕರ್ನಾಟಕದ ಮನೆಮನೆಗಳಲ್ಲಿ ಸಂಜೆ ಹಾಕುವ ದೊಡ್ಡ ಮನರಂಜನಾ ವಾಹಿನಿಗಳು ಅಲ್ಲಿಲ್ಲ. ಹಿಂದಿಯಲ್ಲಾದರೆ ಧಾರಾವಾಹಿ, ಸಿನಿಮಾ, ಹಾಡು, ಸುದ್ದಿ ಎಂದು ಬಗೆಬಗೆಯ ವಾಹಿನಿಗಳು ಸಾಲುಗಟ್ಟಿ ಬರುತ್ತವೆ. ಶೆಡ್ಡಿನ ಮಗು ಹಿಂದಿಯ ಕಾರ್ಯಕ್ರಮ ನೋಡುತ್ತದೆ, ಮರಾಠಿ ಶಾಲೆಗೆ ಹೋಗುತ್ತದೆ, ಅವ್ವನ ಹತ್ತಿರ ಮಾತ್ರ ಕನ್ನಡ ಆಡುತ್ತದೆ. ಮೂರು ಭಾಷೆ ಬಂದರೆ ಒಳ್ಳೆಯದೇ. ಅವುಗಳಲ್ಲಿ ಒಂದಕ್ಕೆ ಮಾತ್ರ ಪುಸ್ತಕವೂ ಇಲ್ಲ, ಪರದೆಯೂ ಇಲ್ಲ ಎಂದಾದಾಗ ಅದು ಅಡುಗೆಮನೆಯ ಭಾಷೆಯಾಗಿ ಉಳಿಯುತ್ತದೆ. ಒಂದು ತಲೆಮಾರು ಕಳೆದರೆ ಅಲ್ಲಿಂದಲೂ ಹೊರಡುತ್ತದೆ.

ಹೀಗಾಗಲು ಕಾರಣ ಯಾರ ದ್ವೇಷವೂ ಅಲ್ಲ. ಕಾರಣ ಇರುವುದು ಹರಾಜಿನಲ್ಲಿ. ಫ್ರೀ ಡಿಶ್‌ನಲ್ಲಿ ಖಾಸಗಿ ವಾಹಿನಿಗಳಿಗೆ ಮೀಸಲಾದ ಜಾಗಗಳನ್ನು ಪ್ರಸಾರ ಭಾರತಿ ಇ-ಹರಾಜು ಹಾಕುತ್ತದೆ. ಹೆಚ್ಚು ಕೂಗಿದವರಿಗೆ ಜಾಗ. ಅದರಿಂದ ವರ್ಷಕ್ಕೆ ನೂರಾರು ಕೋಟಿ ರೂಪಾಯಿ ಬರುತ್ತದೆ. ಕೋಟಿಗಟ್ಟಲೆ ಕೊಟ್ಟು ಜಾಗ ಹಿಡಿಯುವ ವಾಹಿನಿ ಆ ಹಣವನ್ನು ಜಾಹೀರಾತಿನಿಂದ ವಾಪಸು ಪಡೆಯಬೇಕು. ಫ್ರೀ ಡಿಶ್ ಹೆಚ್ಚು ಹರಡಿರುವುದು ಹಿಂದಿ ಸೀಮೆಯಲ್ಲಿ, ಆದ್ದರಿಂದ ಹಿಂದಿ ವಾಹಿನಿಗೆ ಲೆಕ್ಕ ಗಿಟ್ಟುತ್ತದೆ. ಕನ್ನಡದ ವಾಹಿನಿಗೆ ಇನ್ನೊಂದು ಅಂಜಿಕೆಯೂ ಇದೆ. ಕರ್ನಾಟಕದಲ್ಲಿ ಜನ ದುಡ್ಡು ಕೊಟ್ಟು ನೋಡುತ್ತಿರುವುದನ್ನು ಪುಣೆಯ ಶೆಡ್ಡಿಗೆ ಪುಕ್ಕಟೆ ಕೊಟ್ಟರೆ ಅದೇ ಸಿಗ್ನಲ್ ಹಾವೇರಿಯಲ್ಲೂ ಬೀಳುತ್ತದೆ. ಪುಕ್ಕಟೆ ಸಿಗುವುದಕ್ಕೆ ಹಾವೇರಿಯವರು ಯಾಕೆ ದುಡ್ಡು ಕೊಟ್ಟಾರು?

ಈ ಅಂಜಿಕೆ ಸುಳ್ಳಲ್ಲ. ಹಿಂದಿಯ ದೊಡ್ಡ ಸಂಸ್ಥೆಗಳೂ ಇದನ್ನು ಅನುಭವಿಸಿವೆ. ಸ್ಟಾರ್ ಉತ್ಸವ್, ಝೀ ಅನ್ಮೋಲ್, ಸೋನಿ ಪಲ್, ರಿಶ್ತೇ ವಾಹಿನಿಗಳು 2019ರಲ್ಲಿ ಫ್ರೀ ಡಿಶ್ ಬಿಟ್ಟು ಹೋದವು. ಖಾಲಿಯಾದ ಮೈದಾನದಲ್ಲಿ ದಂಗಲ್ ಎಂಬ ಪುಕ್ಕಟೆ ವಾಹಿನಿ ವೀಕ್ಷಕರ ಸಂಖ್ಯೆಯಲ್ಲಿ ಮೇಲಕ್ಕೇರಿತು. ಮರುವರ್ಷವೇ ಹೋದವರು ಮರಳಿ ಬಂದರು. ಆದರೆ ಅವರು ಅಲ್ಲಿಗೆ ತಂದದ್ದು ತಮ್ಮ ಮುಖ್ಯ ವಾಹಿನಿಗಳನ್ನಲ್ಲ. ಹೊಸ ಧಾರಾವಾಹಿ ಪಾವತಿ ವಾಹಿನಿಯಲ್ಲೇ ಉಳಿಯಿತು. ಮುಗಿದ ಧಾರಾವಾಹಿಗಳು, ಹಳೆಯ ಸಿನಿಮಾಗಳು ಪುಕ್ಕಟೆಯ ವಾಹಿನಿಗೆ ಬಂದವು.

ಕನ್ನಡಕ್ಕೂ ಈ ದಾರಿ ಇದೆ. ಎರಡು, ಮೂರು ದಶಕಗಳ ಕನ್ನಡ ಧಾರಾವಾಹಿಗಳು, ಹಾಸ್ಯ, ಸಂಗೀತದ ಕಾರ್ಯಕ್ರಮಗಳು ಸಂಸ್ಥೆಗಳ ಕಪಾಟಿನಲ್ಲಿವೆ. ಅವನ್ನು ತೋರಿಸುವ ಒಂದೆರಡು ವಾಹಿನಿಗಳು ಫ್ರೀ ಡಿಶ್‌ಗೆ ಬಂದರೆ ಕರ್ನಾಟಕದ ಚಂದಾದಾರರು ಓಡಿಹೋಗುವುದಿಲ್ಲ, ಪುಣೆಯ ಸಂಜೆಗಳು ತುಂಬುತ್ತವೆ. ಅದಕ್ಕೆ ಪ್ರಸಾರ ಭಾರತಿ ಕೆಲವು ಜಾಗಗಳನ್ನು ಹರಾಜಿನ ಪೈಪೋಟಿಯಿಂದ ಹೊರಗಿಟ್ಟು, ಅಲ್ಲಿ ಕಾಣಿಸಿಕೊಳ್ಳದ ಭಾಷೆಗಳಿಗೆ ಕಡಿಮೆ ದರದಲ್ಲಿ ಕೊಡಬೇಕು. ಇದು ಕೃಪೆಯ ಮಾತಲ್ಲ. 1990ರ ಪ್ರಸಾರ ಭಾರತಿ ಕಾಯ್ದೆ ಸಂಸ್ಥೆಯ ಕರ್ತವ್ಯಗಳನ್ನು ಪಟ್ಟಿ ಮಾಡುವಾಗ ದೇಶದ ಬೇರೆ ಬೇರೆ ಸೀಮೆಗಳ ಸಂಸ್ಕೃತಿ ಮತ್ತು ಭಾಷೆಗಳಿಗೆ ತಕ್ಕಷ್ಟು ಜಾಗ ಕೊಡುವುದನ್ನೂ ಸೇರಿಸಿದೆ. ತಕ್ಕಷ್ಟು ಎಂಬುದನ್ನು ಹರಾಜಿನ ಕೂಗು ಅಳೆಯಲಾರದು.

ಮೊಬೈಲ್ ಇರುವಾಗ ಈ ಗೋಳು ಏಕೆ ಎಂದು ಕೇಳುವವರಿದ್ದಾರೆ. ಯೂಟ್ಯೂಬಿನಲ್ಲಿ ಬೇಕಾದಷ್ಟು ಕನ್ನಡ ಇದೆ ಎಂಬುದು ಸರಿ. ಆದರೆ ಅದಕ್ಕೂ ರೀಚಾರ್ಜ್ ಬೇಕು, ಶೆಡ್ಡಿನಲ್ಲಿ ಸಿಗ್ನಲ್ ಬೇಕು. ಮೊಬೈಲು ಒಬ್ಬರ ಕೈಯಲ್ಲಿರುತ್ತದೆ, ಅದೂ ಹೆಚ್ಚಾಗಿ ಗಂಡಸಿನ ಕೈಯಲ್ಲಿ. ಟಿವಿ ಮನೆಯವರೆಲ್ಲರದು. ರೊಟ್ಟಿ ಬಡಿಯುತ್ತಾ ಅವ್ವ ಕೇಳಿಸಿಕೊಳ್ಳುತ್ತಾಳೆ, ಪಾಠ ಬರೆಯುತ್ತಾ ಮಗು ಕಣ್ಣು ಹಾಯಿಸುತ್ತದೆ. ಮಗುವಿಗೆ ಭಾಷೆ ಅಂಟುವುದು ಹೀಗೆ, ಯಾರೂ ಕಲಿಸದೆ. ಇನ್ನೊಂದು ಅಪಾಯವನ್ನೂ ಮರೆಯಬಾರದು. ‘ಚಂದಾ ಇಲ್ಲದೆ ಎಲ್ಲ ವಾಹಿನಿ’ ಎಂದು ಕದ್ದ ಸಿಗ್ನಲ್ ಮಾರುವ ಪೆಟ್ಟಿಗೆಗಳು ಪರದೇಶದ ಭಾರತೀಯರ ನಡುವೆ ಆಗಲೇ ಓಡಾಡುತ್ತಿವೆ. ನ್ಯಾಯವಾದ ದಾರಿ ಇಲ್ಲದ ಕಡೆ ಕಳ್ಳದಾರಿ ತಾನಾಗಿ ಹುಟ್ಟುತ್ತದೆ.

ಎರಡನೆಯ ಕೆಲಸ ಇನ್ನೂ ಹತ್ತಿರದ್ದು. ಚಂದನವನ್ನು ಗಟ್ಟಿ ಮಾಡುವುದು. ನಾ. ಸೋಮೇಶ್ವರ ಅವರು ನಡೆಸುವ ‘ಥಟ್ ಅಂತ ಹೇಳಿ’ 2002ರಲ್ಲಿ ಶುರುವಾಗಿ ಸಾವಿರಾರು ಕಂತು ದಾಟಿದ್ದು ಅದೇ ವಾಹಿನಿಯಲ್ಲಿ. ಗೆದ್ದವರಿಗೆ ಅಲ್ಲಿ ಸಿಗುವ ಬಹುಮಾನ ಕನ್ನಡ ಪುಸ್ತಕ. ಅಬ್ಬರವಿಲ್ಲದ ಕಾರ್ಯಕ್ರಮವನ್ನೂ ಜನ ವರ್ಷಗಟ್ಟಲೆ ನೋಡುತ್ತಾರೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಹರಾಜಿನಿಂದ ಬರುವ ಹಣದಲ್ಲಿ ಒಂದು ಪಾಲು ಇಂಥ ಹೊಸ ಕಾರ್ಯಕ್ರಮಗಳಿಗೆ ಹೋಗಬೇಕು. ಹೊರನಾಡ ಕನ್ನಡಿಗರ ಬದುಕು ಆ ಪರದೆಯ ಮೇಲೆ ಕಾಣಬೇಕು. ಪುಣೆಯ ಕಟ್ಟಡ ಕೆಲಸದವರು, ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕನ್ನಡ ಶಾಲೆಗಳು, ಕಾಸರಗೋಡಿನ ಮಕ್ಕಳು ಚಂದನದ ಸ್ಟುಡಿಯೊಕ್ಕೆ ಅತಿಥಿಗಳಾಗಿ ಬರಬೇಕು. ವಾರಕ್ಕೆ ಒಂದು ಗಂಟೆ ಸಾಕು. ಕರ್ನಾಟಕ ಸರ್ಕಾರವೂ ಇದಕ್ಕೆ ಕೈ ಜೋಡಿಸಬಹುದು. ಹೊರನಾಡ ಕನ್ನಡದ ಬಗ್ಗೆ ರಾಜ್ಯೋತ್ಸವದ ವೇದಿಕೆಗಳಲ್ಲಿ ಆಡುವ ಮಾತಿಗಿಂತ ಈ ಒಂದು ಗಂಟೆ ಹೆಚ್ಚು ದೂರ ಹೋಗುತ್ತದೆ.

ಇದರಿಂದ ಮೊದಲನೆಯ ಮನೆಗೂ ಲಾಭವಿದೆ. ಫ್ರೀ ಡಿಶ್‌ನ ಸಿಗ್ನಲ್ ಅಮೆರಿಕಕ್ಕೆ ತಲುಪುವುದಿಲ್ಲ. ಆದರೆ ಚಂದನದ ಕಾರ್ಯಕ್ರಮಗಳು ಯೂಟ್ಯೂಬಿನಲ್ಲೂ ಸಿಗುತ್ತವೆ. ಪುಣೆಯ ಅಜ್ಜಿ ಡಿಶ್ಶಿನಲ್ಲಿ ನೋಡಿದ್ದನ್ನೇ ಮೊಮ್ಮಗಳು ಅಲ್ಲಿ ನೋಡಬಹುದು, ಇಬ್ಬರಿಗೂ ಚಂದಾ ಇಲ್ಲ. ಪರದೇಶದಲ್ಲಿ ಮಕ್ಕಳಿರುವ ಮನೆಗಳಲ್ಲಿ ಭಾನುವಾರದ ವಿಡಿಯೊ ಕಾಲ್ ಹೇಗಿರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ‘ಊಟ ಆಯ್ತಾ ಪುಟ್ಟಿ?’ ಎಂದು ಅಜ್ಜಿ ಕೇಳುತ್ತಾರೆ. ‘ಆಯ್ತು ಅಜ್ಜಿ’ ಎಂದು ಮಗು ಹೇಳುತ್ತದೆ. ಆಮೇಲೆ ಇಬ್ಬರಿಗೂ ಮಾತಿಲ್ಲ, ಪ್ರೀತಿ ಬೇಕಾದಷ್ಟಿದ್ದರೂ. ಇಬ್ಬರೂ ನೋಡಿದ ಒಂದು ಕಾರ್ಯಕ್ರಮವಿದ್ದರೆ, ಇಬ್ಬರಿಗೂ ಉತ್ತರ ಹೊಳೆಯದ ಒಂದು ಪ್ರಶ್ನೆಯಿದ್ದರೆ, ಆ ಕರೆ ಇನ್ನೂ ಹತ್ತು ನಿಮಿಷ ನಡೆಯುತ್ತದೆ. ಅಷ್ಟೂ ಹೊತ್ತು ಮಗು ಕನ್ನಡದಲ್ಲಿ ಮಾತಾಡುತ್ತದೆ.

ಡಿಶ್ಶುಗಳು ಈಗಾಗಲೇ ಮನೆಗಳ ಮೇಲಿವೆ, ಉಪಗ್ರಹ ಮೇಲಿದೆ, ಕಾಯ್ದೆ ಪುಸ್ತಕದಲ್ಲಿದೆ. ಹೊಸದಾಗಿ ಆಗಬೇಕಾದ ಕೆಲಸ ಎರಡೇ: ಹರಾಜಿನ ನಿಯಮದಲ್ಲಿ ಭಾಷೆಗೊಂದು ಸಾಲು, ಚಂದನಕ್ಕೆ ಸ್ವಲ್ಪ ಹಣ. ಪುಣೆಯ ಶೆಡ್ಡಿನಲ್ಲಿ ಸಂಜೆ ಟಿವಿ ಹಚ್ಚುವವರು ಹೋಗಿ ಇದನ್ನು ಕೇಳುವವರಲ್ಲ. ಕೇಳಬಲ್ಲವರು, ರೀಚಾರ್ಜಿನ ಚಿಂತೆಯಿಲ್ಲದ ಕನ್ನಡಿಗರು, ಅವರ ಪರವಾಗಿ ಕೇಳಬೇಕು.