ಡ್ರೈವ್ ತಲುಪಿದರೂ ತೆರೆಯದ ಪರದೆ: ಕೀಲಿಕೈ ಯಾರ ಬಳಿ?

ಶೇಡಬಾಳ: ಮಿರಜದಿಂದ ಲೋಂಡಾ ಕಡೆಗೆ ಹೊರಡುವ ರೈಲು ಕರ್ನಾಟಕದ ಗಡಿಯೊಳಕ್ಕೆ ಬಂದ ಮೇಲೆ ಸಿಗುವ ಮೊದಲ ಊರುಗಳಲ್ಲಿ ಶೇಡಬಾಳವೂ ಒಂದು. ಜೈನ ಆಚಾರ್ಯ ವಿದ್ಯಾನಂದ ಮುನಿಗಳು 1925ರಲ್ಲಿ ಜನಿಸಿದ ಊರಿದು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿಯೂ ನಡೆಯುವ ಕಾಗವಾಡ, ಅಥಣಿ, ರಾಯಬಾಗ ಸೀಮೆಯ ಯುವಕನೊಬ್ಬ ಇಂದು ಸ್ವಂತ ಕ್ಯಾಮೆರಾದಲ್ಲಿ ಸಿನಿಮಾ ತೆಗೆಯಬಲ್ಲ, ಮನೆಯ ಕಂಪ್ಯೂಟರಿನಲ್ಲೇ ಸಂಕಲನ ಮಾಡಬಲ್ಲ. ಅದನ್ನು ಪೆನ್‌ಡ್ರೈವ್‌ಗೆ ಹಾಕಿ ಸಮುದಾಯ ಭವನದಲ್ಲಿ ತೋರಿಸುವುದೂ ಕಷ್ಟವಲ್ಲ. ಆದರೆ ಅದೇ ಪೆನ್‌ಡ್ರೈವ್ ಹಿಡಿದು ಚಿತ್ರಮಂದಿರದ ಬಾಗಿಲಿಗೆ ಹೋದರೆ ಕಥೆಯೇ ಬೇರೆ.

ಹಿಂದೆ ಎರಡೂವರೆ ಗಂಟೆಯ ಚಿತ್ರವೆಂದರೆ ಸುಮಾರು 13,500 ಅಡಿ ಫಿಲ್ಮು. ಡಬ್ಬಿಗಳಲ್ಲಿ ತುಂಬಿ ಬಸ್ಸಿಗೋ ರೈಲಿಗೋ ಹೇರಿದರೆ ಊರು ಸೇರುತ್ತಿತ್ತು. ಯಾವ ಪ್ರೊಜೆಕ್ಟರಿಗೆ ಏರಿಸಿದರೂ ಓಡುತ್ತಿತ್ತು. ಫ್ಯೂಜಿ ಕಂಪನಿ 2013ರಲ್ಲಿ ಸಿನಿಮಾ ಫಿಲ್ಮಿನ ತಯಾರಿಕೆಯನ್ನೇ ಕೈಬಿಟ್ಟ ಹೊತ್ತಿಗೆ ಡಬ್ಬಿಯ ಯುಗ ಬಹುತೇಕ ಮುಗಿದಿತ್ತು. ಅದರ ಜಾಗಕ್ಕೆ ಬಂದದ್ದು ಡಿಸಿಪಿ, ಅಂದರೆ ಡಿಜಿಟಲ್ ಸಿನಿಮಾ ಕಟ್ಟು. ಹಾಲಿವುಡ್ಡಿನ ಪ್ರಮುಖ ಸ್ಟುಡಿಯೋಗಳು 2002ರಲ್ಲಿ ಕಟ್ಟಿಕೊಂಡ ಡಿಸಿಐ ಒಕ್ಕೂಟ 2005ರಲ್ಲಿ ಪ್ರಕಟಿಸಿದ ಮಾನದಂಡವೇ ಇದರ ಮೂಲ.

ಡಿಸಿಪಿ ಎನ್ನುವುದು ಒಂದು ಕಡತವಲ್ಲ, ಕಡತಗಳ ಗುಂಪು. ಚಿತ್ರದ ಪ್ರತಿಯೊಂದು ಚೌಕಟ್ಟನ್ನೂ ಜೆಪೆಗ್ 2000 ವಿಧಾನದಲ್ಲಿ ಬಿಡಿಬಿಡಿಯಾಗಿ ಕುಗ್ಗಿಸಲಾಗುತ್ತದೆ. ಧ್ವನಿಯನ್ನು ಕುಗ್ಗಿಸದೆ ಪ್ರತ್ಯೇಕವಾಗಿ ಇಡಲಾಗುತ್ತದೆ. ಯಾವುದರ ನಂತರ ಯಾವುದು ಎಂಬ ಪಟ್ಟಿ ಬೇರೆ ಇರುತ್ತದೆ. ಆ ಮೂಲ ಮಾನದಂಡದಂತೆ ಚಿತ್ರದ ಗರಿಷ್ಠ ವೇಗ ಸೆಕೆಂಡಿಗೆ 250 ಮೆಗಾಬಿಟ್. ಆ ಲೆಕ್ಕದಲ್ಲಿ ಎರಡು ಗಂಟೆಯ ಸಿನಿಮಾ 225 ಗಿಗಾಬೈಟ್‌ವರೆಗೆ ಬೆಳೆಯಬಹುದು.

ತೊಡಕು ಇಲ್ಲಿಂದಲೇ ಆರಂಭ. ಅಂಗಡಿಯಲ್ಲಿ ಸಿಗುವ ಅನೇಕ ಪೆನ್‌ಡ್ರೈವ್‌ಗಳು ಫ್ಯಾಟ್32 ವ್ಯವಸ್ಥೆಯಲ್ಲಿರುತ್ತವೆ. ಅದರಲ್ಲಿ ನಾಲ್ಕು ಗಿಗಾಬೈಟ್‌ಗಿಂತ ದೊಡ್ಡ ಕಡತ ಹಿಡಿಯದು. ಗರಿಷ್ಠ ವೇಗದಲ್ಲಿ ಅದು ಸಿನಿಮಾದ ಎರಡೂಕಾಲು ನಿಮಿಷಕ್ಕೆ ಸಮ! ಚಿತ್ರಮಂದಿರದ ಸರ್ವರ್‌ಗಳು ಹೆಚ್ಚಾಗಿ ಲಿನಕ್ಸ್ ಆಧಾರಿತವಾದ್ದರಿಂದ ಡ್ರೈವನ್ನು ಇಎಕ್ಸ್‌ಟಿ2 ಅಥವಾ ಇಎಕ್ಸ್‌ಟಿ3 ವ್ಯವಸ್ಥೆಗೆ ಅಣಿಗೊಳಿಸುವುದು ವಾಡಿಕೆ. ವಿಂಡೋಸ್ ಮಾತ್ರ ಬಲ್ಲವರು ಎಡವುವುದು ಇಲ್ಲೇ. ನಕಲು ಮುಗಿದ ಮೇಲೂ ನಿರಾಳವಿಲ್ಲ. ಪ್ರತಿ ಕಡತದ ಗಣಿತದ ಬೆರಳಚ್ಚು ಪಟ್ಟಿಯಲ್ಲಿ ದಾಖಲಾಗಿರುತ್ತದೆ. ಪ್ರತಿಯಲ್ಲಿ ಒಂದು ಬಿಟ್ ವ್ಯತ್ಯಾಸವಾದರೂ ತಾಳೆ ತಪ್ಪುತ್ತದೆ, ಸರ್ವರ್ ಅದನ್ನು ದೋಷವೆಂದೇ ಗುರುತಿಸುತ್ತದೆ. ಯುಎಸ್‌ಬಿ 2ರ ಹಳೆಯ ಕಿಂಡಿಯಿದ್ದರೆ 150 ಗಿಗಾಬೈಟ್ ಒಳಸೇರಲು ಒಂದು ಗಂಟೆಗೂ ಮಿಕ್ಕಿ ಬೇಕು. ಬೆಳಗಿನ ಆಟಕ್ಕೆ ಅರ್ಧ ಗಂಟೆ ಇರುವಾಗ ಡ್ರೈವ್ ತಂದುಕೊಟ್ಟರೆ ಆಪರೇಟರ್ ಏನು ತಾನೇ ಮಾಡಿಯಾನು?

ಮದುವೆಯ ವಿಡಿಯೋ ತೆಗೆಯುವವರ ಕ್ಯಾಮೆರಾ ಸಾಮಾನ್ಯವಾಗಿ ಸೆಕೆಂಡಿಗೆ 25 ಚೌಕಟ್ಟಿನದು, ಸಿನಿಮಾದ ರೂಢಿ 24. ಹಾಗೆಯೇ ನಿಧಾನಗೊಳಿಸಿದರೆ 120 ನಿಮಿಷದ ಚಿತ್ರ 125 ನಿಮಿಷವಾಗುತ್ತದೆ, ನಾಯಕಿಯ ದನಿ ದಪ್ಪವಾಗುತ್ತದೆ. ಎರಡೇ ವಾಹಿನಿಯ ಸ್ಟೀರಿಯೋ ಧ್ವನಿಯನ್ನು ಹಾಗೇ ಕೊಟ್ಟರೆ ಪರದೆಯ ನಡುವಿನ ಸ್ಪೀಕರ್ ಮೂಕವಾಗುತ್ತದೆ. ಅಂಚಿನ ಕುರ್ಚಿಯವರಿಗೆ ಮಾತು ಒಂದೇ ಬದಿಯಿಂದ ಬಂದಂತೆ ಕೇಳುತ್ತದೆ. ಇವೆಲ್ಲ ಕಲಿತರೆ ಬಗೆಹರಿಯುವ ಸಂಗತಿಗಳು. ಡಿಸಿಪಿ-ಒ-ಮ್ಯಾಟಿಕ್‌ನಂತಹ ಉಚಿತ ತಂತ್ರಾಂಶವನ್ನು ಬಳಸಿ ಶೇಡಬಾಳದಲ್ಲೇ ಕುಳಿತು ಈ ಕಟ್ಟನ್ನು ತಯಾರಿಸಬಹುದು. ಸೆನ್ಸಾರ್ ಪ್ರಮಾಣಪತ್ರ ಮಾತ್ರ ಅನಿವಾರ್ಯ.

ಕಲಿತರೂ ಬಗೆಹರಿಯದ್ದು ಕೀಲಿಯ ಪ್ರಶ್ನೆ. ದೊಡ್ಡ ಚಿತ್ರಗಳ ಡಿಸಿಪಿಗೆ ಗೂಢಲಿಪಿಯ ಬೀಗವಿರುತ್ತದೆ. ಡ್ರೈವ್ ಕಳುವಾದರೂ ಸಿನಿಮಾ ಕಳುವಾಗದು. ಬೀಗ ತೆಗೆಯುವ ಕೆಡಿಎಂ ಎಂಬ ಕೀಲಿಯನ್ನು ನಿರ್ದಿಷ್ಟ ಸರ್ವರ್‌ಗೆ, ನಿರ್ದಿಷ್ಟ ದಿನಾಂಕ ಮತ್ತು ವೇಳೆಗೆ ಮಾತ್ರ ಕೊಡಲಾಗುತ್ತದೆ. ಸರ್ವರ್ ಕೆಟ್ಟು ಬದಲಿ ಯಂತ್ರ ತಂದರೆ ಹೊಸ ಕೀಲಿ ಬೇಕು. ನಕಲು ತಡೆಗೆ ಇದು ಒಳ್ಳೆಯ ಉಪಾಯವೇ. ಸಣ್ಣ ನಿರ್ಮಾಪಕ ತನ್ನ ಚಿತ್ರಕ್ಕೆ ಬೀಗ ಹಾಕದೆಯೂ ಕೊಡಬಹುದು. ಆದರೆ ಅದನ್ನು ಓಡಿಸುವ ಯಂತ್ರದ ಒಡೆಯ ಯಾರು ಎಂಬುದನ್ನು ಗಮನಿಸಬೇಕು. ಅನೇಕ ಒಂಟಿ ಪರದೆಯ ಚಿತ್ರಮಂದಿರಗಳಲ್ಲಿ ಪ್ರೊಜೆಕ್ಟರ್ ಮತ್ತು ಸರ್ವರ್ ಮಾಲೀಕರದ್ದಲ್ಲ, ಡಿಜಿಟಲ್ ಸೇವಾ ಕಂಪನಿಯಿಂದ ಗುತ್ತಿಗೆಗೆ ಪಡೆದದ್ದು.

ಈ ಗುತ್ತಿಗೆಯ ಒಳಸುಳಿ ಭಾರತೀಯ ಸ್ಪರ್ಧಾ ಆಯೋಗದ 2025ರ ಏಪ್ರಿಲ್ ತಿಂಗಳ ಆದೇಶದಲ್ಲಿ ಬಯಲಾಯಿತು. ಡಿಸಿಐ ದರ್ಜೆಯ ಉಪಕರಣ ಕೊಡುವಾಗ, ಬೇರೆಯವರು ಸಿದ್ಧಪಡಿಸಿದ ಚಿತ್ರಗಳನ್ನು ಪ್ರದರ್ಶಿಸದಂತೆ ಚಿತ್ರಮಂದಿರಗಳ ಕೈಕಟ್ಟುವ ಷರತ್ತು ವಿಧಿಸಲಾಗಿದೆ ಎಂದು ಆಯೋಗ ಹೇಳಿತು. ಯುಎಫ್‌ಒ ಮೂವೀಸ್ ಮತ್ತು ಅದರ ಸೋದರ ಸಂಸ್ಥೆ ಸ್ಕ್ರ್ಯಾಬಲ್‌ಗೆ ಸುಮಾರು 1.04 ಕೋಟಿ ರೂಪಾಯಿ, ಕ್ಯೂಬ್ ಸಂಸ್ಥೆಗೆ ಸುಮಾರು 1.66 ಕೋಟಿ ರೂಪಾಯಿ ದಂಡ ವಿಧಿಸಿತು. ಅಂಥ ಷರತ್ತುಗಳನ್ನು ಮಾರ್ಪಡಿಸುವಂತೆಯೂ ಸೂಚಿಸಿತು. ದಂಡದ ಮೊತ್ತಕ್ಕಿಂತ ಆ ಸೂಚನೆಯೇ ಮುಖ್ಯ.

ಅಸಮಾಧಾನ ಹೊಸದಲ್ಲ. ಪ್ರತಿ ಪರದೆಗೆ ನಿರ್ಮಾಪಕರಿಂದ ವಸೂಲಾಗುವ ವಿಪಿಎಫ್ ಶುಲ್ಕವನ್ನು ವಿರೋಧಿಸಿ 2018ರ ಮಾರ್ಚ್‌ನಲ್ಲಿ ದಕ್ಷಿಣದ ಚಿತ್ರರಂಗಗಳು ಹೊಸ ಚಿತ್ರಗಳ ಬಿಡುಗಡೆ ನಿಲ್ಲಿಸಿದ್ದವು. ತಮಿಳುನಾಡಿನಲ್ಲಿ ಅದು ಏಪ್ರಿಲ್‌ವರೆಗೂ ಎಳೆಯಿತು. ಫಿಲ್ಮ್ ಪ್ರಿಂಟಿನ ಖರ್ಚು ಉಳಿದದ್ದಕ್ಕೆ ಪ್ರತಿಯಾಗಿ, ಉಪಕರಣದ ಬಂಡವಾಳ ತೀರುವವರೆಗೆ ಕೊಡುವ ಶುಲ್ಕ ಎಂಬುದು ವಿಪಿಎಫ್‌ನ ಮೂಲ ಕಲ್ಪನೆ. ಬಂಡವಾಳ ಎಂದು ತೀರುತ್ತದೆ ಎಂಬ ನಿರ್ಮಾಪಕರ ಪ್ರಶ್ನೆಯಲ್ಲಿ ಹುರುಳಿಲ್ಲವೆನ್ನಲಾಗದು. ಹಾಗೆಂದು ಕಂಪನಿಗಳನ್ನಷ್ಟೇ ದೂರುವುದೂ ನ್ಯಾಯವಲ್ಲ. ಸ್ವಂತ ಹಣದಲ್ಲಿ ಡಿಜಿಟಲ್ ಪ್ರೊಜೆಕ್ಟರ್ ಕೊಳ್ಳಲಾಗದ ಎಷ್ಟೋ ಟಾಕೀಸುಗಳ ಬಾಗಿಲು ತೆರೆದಿಟ್ಟದ್ದು ಇದೇ ಗುತ್ತಿಗೆ.

ರಾಜ್ಯ ಸರ್ಕಾರ 2025ರ ಬಜೆಟ್‌ನಲ್ಲಿ ಸಿನಿಮಾಕ್ಕೆ ಉದ್ಯಮದ ಸ್ಥಾನ, ಟಿಕೆಟ್‌ಗೆ 200 ರೂಪಾಯಿ ಮಿತಿ, ಸರ್ಕಾರಿ ಒಟಿಟಿ ವೇದಿಕೆ ಘೋಷಿಸಿತು. ಟಿಕೆಟ್ ಮಿತಿಗೆ ಅದೇ ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಮಧ್ಯಂತರ ತಡೆ ನೀಡಿತು. ಚರ್ಚೆಯೆಲ್ಲ ಟಿಕೆಟ್ ದರದ ಸುತ್ತಲೇ ಗಿರಕಿ ಹೊಡೆಯಿತು. ಡ್ರೈವ್‌ನಿಂದ ಪರದೆಗೆ ಹೋಗುವ ದಾರಿಯ ಬಗ್ಗೆ ಗಾಂಧಿನಗರವೂ ವಿಧಾನಸೌಧವೂ ಅಷ್ಟು ದನಿ ಎತ್ತಲಿಲ್ಲ.

ಗಡಿಭಾಗಕ್ಕೆ ಈ ತಂತ್ರಜ್ಞಾನದಿಂದ ಆಗಬಹುದಾದ ಲಾಭ ಸಣ್ಣದಲ್ಲ. ಡಿಸಿಪಿಯಲ್ಲಿ ಚಿತ್ರವನ್ನು ಮತ್ತೆ ತಯಾರಿಸದೆ, ಮರಾಠಿ ಅಡಿಬರಹದ ಚಿಕ್ಕ ಪೂರಕ ಕಟ್ಟನ್ನಷ್ಟೇ ಕಳುಹಿಸಿದರೂ ಸಾಕು. ಕನ್ನಡ ಚಿತ್ರವನ್ನು ಮಿರಜ, ಸಾಂಗ್ಲಿಯ ಪ್ರೇಕ್ಷಕನೂ, ಮರಾಠಿ ಚಿತ್ರವನ್ನು ಅಥಣಿಯ ಪ್ರೇಕ್ಷಕನೂ ಓದಿಕೊಂಡು ನೋಡಬಹುದು. ಕನ್ನಡದ ಒತ್ತಕ್ಷರಗಳನ್ನು ಸರಿಯಾಗಿ ಕೂಡಿಸದ ಸರ್ವರ್‌ಗಳಿರುವುದರಿಂದ ಅಡಿಬರಹವನ್ನು ಅಕ್ಷರರೂಪದ ಬದಲು ಚಿತ್ರರೂಪದಲ್ಲಿ ಕೊಡುವುದು ಕ್ಷೇಮ.

ಸದ್ಯಕ್ಕೆ ಈ ಸೀಮೆಯ ಚಿತ್ರಮಂದಿರ ಮಾಲೀಕರು ಮಾಡಬೇಕಾದದ್ದು ಒಂದಿದೆ. ಗುತ್ತಿಗೆ ಪತ್ರವನ್ನು ಹೊರತೆಗೆದು, ಹೊರಗಿನವರು ಸಿದ್ಧಪಡಿಸಿದ ಡಿಸಿಪಿಯನ್ನು ಸರ್ವರ್‌ಗೆ ಏರಿಸಲು ಯಾರ ಅನುಮತಿ ಬೇಕು ಎಂದು ಅದರಲ್ಲಿ ಬರೆದಿರುವ ಕಲಮನ್ನು ಓದಬೇಕು. ನವೀಕರಣದ ಸಹಿ ಹಾಕುವುದು ಆಮೇಲೆ.