ಮುಳ್ಳು ಸುಳ್ಳು ಹೇಳಿದಾಗ

ಹಳೆಯ ಕಾರಿನ ಮೀಟರುಗಳು ಒಂದೊಂದಾಗಿ ಕೈಕೊಟ್ಟಾಗ ಬಹಳಷ್ಟು ಮಾಲೀಕರು ಮಾಡುವುದು ಒಂದೇ ಕೆಲಸ: ಅತ್ತ ನೋಡುವುದನ್ನೇ ಬಿಡುವುದು. ಪೆಟ್ರೋಲು ಎಷ್ಟಿದೆಯೆಂದು ತಿಳಿಯಲು ಟ್ಯಾಂಕಿಗೆ ಕಡ್ಡಿ ಇಳಿಸುತ್ತಾರೆ. ವೇಗವನ್ನು ಎಂಜಿನ್ ಸದ್ದಿನಲ್ಲೇ ಅಂದಾಜು ಮಾಡುತ್ತಾರೆ. ಆದರೆ ಬಿಸಿ ತೋರಿಸುವ ಮುಳ್ಳು ಸತ್ತ ಕಾರು ಶಿರಾಡಿ ಘಾಟಿ ಹತ್ತುವಾಗ ನೀರು ಕುದಿದು ಎಂಜಿನ್ ಸೀಜ್ ಆಯಿತೆನ್ನಿ, ಆಗಿನ ಖರ್ಚಿನ ಮುಂದೆ ಮೀಟರ್ ರಿಪೇರಿ ಲೆಕ್ಕಕ್ಕೇ ಇಲ್ಲ.

ಅಂಬಾಸಡರ್ ಮತ್ತು ಮಾರುತಿ 800, ಎರಡರ ತಯಾರಿಕೆಯೂ 2014ರಲ್ಲಿ ನಿಂತಿತು. ಬಿಡಿಭಾಗ ಬೇಕೆಂದರೆ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳನ್ನೋ ಶಿವಾಜಿನಗರದ ಗುಜರಿಯನ್ನೋ ಹುಡುಕಬೇಕು. ಅದಕ್ಕೆ ಮುಂಚೆ ಕೆಟ್ಟಿರುವುದು ಯಾವುದೆಂದು ಗೊತ್ತಾಗಬೇಕು. ಎಷ್ಟೋ ಸಲ ಮೀಟರ್ ಸರಿಯಾಗಿಯೇ ಇರುತ್ತದೆ. ಅದರ ಹಿಂದಿನ ಅರ್ಥ್ ವೈರಿಗೆ ತುಕ್ಕು ಹಿಡಿದಿರುತ್ತದೆ. ಬ್ಯಾಟರಿ ಸಂಪರ್ಕ ತಪ್ಪಿಸಿ, ತುಕ್ಕು ಉಜ್ಜಿ ತೆಗೆದು, ಬಿಗಿಯಾಗಿ ಕೂರಿಸಿದರೆ ಅರ್ಧ ರೋಗ ವಾಸಿ.

ಪೆಟ್ರೋಲು ಮತ್ತು ಬಿಸಿಯ ಮುಳ್ಳುಗಳು ಎರಡೂ ಒಟ್ಟಿಗೆ ಮೇಲೇರಿ ನಿಂತರೆ ಎರಡು ಮೀಟರುಗಳೂ ಒಂದೇ ದಿನ ಕೆಟ್ಟವೆಂದು ಭಾವಿಸಬೇಕಿಲ್ಲ. ಬ್ರಿಟಿಷ್ ಮೂಲದ ಅನೇಕ ಹಳೆಯ ಕಾರುಗಳಲ್ಲಿ ಇವೆರಡಕ್ಕೂ ಸರಾಸರಿ 10 ವೋಲ್ಟ್ ಒದಗಿಸುವ ಪುಟ್ಟ ಸ್ಟೆಬಿಲೈಸರ್ ಇರುತ್ತದೆ. ತಪ್ಪು ಅದರದ್ದು, ಇಲ್ಲವೇ ಅದರ ಅರ್ಥಿನದು. ಒಂದೇ ಮುಳ್ಳು ಹಟ ಹಿಡಿದರೆ ಅದರ ವೈರನ್ನೂ, ಟ್ಯಾಂಕಿನಲ್ಲೋ ಎಂಜಿನ್ನಿನಲ್ಲೋ ಕೂತಿರುವ ಸೆಂಡರನ್ನೂ ಮೊದಲು ಪರೀಕ್ಷಿಸಬೇಕು.

ಸ್ಪೀಡೊಮೀಟರಿನ ಪರೀಕ್ಷೆ ಇನ್ನೂ ಸುಲಭ. ಮುಳ್ಳು ನಿಂತಿದೆ, ಕಿಲೋಮೀಟರ್ ಅಂಕಿಗಳು ಮಾತ್ರ ಉರುಳುತ್ತಿವೆ ಎಂದರೆ ಕೇಬಲ್ ಸರಿಯಿದೆ, ದೋಷ ಮೀಟರಿನ ಒಳಗಿದೆ. ಎರಡೂ ನಿಂತಿದ್ದರೆ ಕೇಬಲ್ ತುಂಡಾಗಿರುವ ಸಂಭವವೇ ಹೆಚ್ಚು. ಮುಳ್ಳು ನಡುಗಿದರೆ ಕೇಬಲ್ ಒಣಗಿದೆ ಅಥವಾ ಎಲ್ಲೋ ಚೂಪಾಗಿ ಬಾಗಿದೆ. ಗ್ರೀಸನ್ನು ತೆಳ್ಳಗೆ ಸವರಬೇಕು. ಮೀಟರಿನ ಕಡೆಯ ಒಂದು ಗೇಣು ಒಣಗಿಯೇ ಇರಲಿ. ಇಲ್ಲವಾದರೆ ಗ್ರೀಸು ಮೇಲೇರಿ ಮೀಟರನ್ನೇ ಕೆಡಿಸುತ್ತದೆ. ಖಾಸಗಿ ಕಾರಿನ ನೋಂದಣಿಯನ್ನು 15 ವರ್ಷದ ನಂತರ ನವೀಕರಿಸಬೇಕಾಗುತ್ತದೆ. ಸ್ಪೀಡೊಮೀಟರ್ ಇರಲೇಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳೂ ಹೇಳುತ್ತವೆ.

ಮುಳ್ಳುಗಳಿಗಿಂತ ಮುಖ್ಯವಾದುದು ಆಯಿಲ್ ಒತ್ತಡದ ಕೆಂಪು ದೀಪ. ಕೀಲಿ ತಿರುಗಿಸಿದಾಗ ಅದು ಉರಿಯಬೇಕು, ಎಂಜಿನ್ ಶುರುವಾದೊಡನೆ ಆರಬೇಕು. ಉರಿಯಲೇ ಇಲ್ಲವೆಂದರೆ ನೆಮ್ಮದಿಪಡುವ ಸಂಗತಿಯಲ್ಲ. ಬಲ್ಬು ಹೋಗಿರಬಹುದು, ಸವೆದ ಎಂಜಿನ್ನಿನ ಗುಟ್ಟು ಮುಚ್ಚಲು ಯಾರೋ ಅದನ್ನು ಕಿತ್ತಿರಲೂಬಹುದು. ಹಳೆಯ ಕಾರು ಕೊಳ್ಳುವವರು ಬಣ್ಣಕ್ಕಿಂತ ಮೊದಲು ಈ ದೀಪವನ್ನು ನೋಡುವುದು ಲೇಸು. ಬ್ಯಾಟರಿ ದೀಪದ ಬಲ್ಬನ್ನೂ ಕಡೆಗಣಿಸುವಂತಿಲ್ಲ. ಅನೇಕ ಕಾರುಗಳಲ್ಲಿ ಆಲ್ಟರ್ನೇಟರಿಗೆ ಮೊದಲ ವಿದ್ಯುತ್ ಹರಿಯುವುದು ಆ ಬಲ್ಬಿನ ಮೂಲಕವೇ. ಅಲ್ಲಿಗೆ ಎಲ್‌ಇಡಿ ಹಾಕಿದರೆ ಚಾರ್ಜಿಂಗ್ ನಿಲ್ಲುವುದೂ ಉಂಟು.

ಇಷ್ಟಾಗಿಯೂ ಮೀಟರನ್ನೇ ಬದಲಿಸಬೇಕಾಗಿ ಬಂದರೆ ಒಂದು ಮಾತು ನೆನಪಿರಬೇಕು. ಗುಜರಿಯಿಂದ ತಂದ ಮೀಟರಿನಲ್ಲಿರುವುದು ಬೇರೊಂದು ಕಾರು ಓಡಿದ ದೂರ. ಕಳಚುವ ಮುನ್ನ ಹಳೆಯ ಅಂಕಿ, ಹೊಸ ಅಂಕಿ, ತಾರೀಖು ಮೂರನ್ನೂ ಬರೆದು ಸರ್ವಿಸ್ ಪುಸ್ತಕದಲ್ಲಿ ಇಡಬೇಕು. ಕಾರು ಮಾರುವ ದಿನ ಆ ಚೀಟಿಯನ್ನು ಕೊಳ್ಳುವವರ ಕೈಗೆ ಕೊಡಬೇಕು. ಮೀಟರ್ ತಪ್ಪು ತೋರಿಸಿದರೆ ರಿಪೇರಿ ಇದೆ. ಗೊತ್ತಿದ್ದೂ ಮಾಲೀಕ ತಪ್ಪು ತೋರಿಸಿದರೆ ಅದು ಮೋಸ.